ಪಂಕ್ತಿಯಿಂದ ಎದ್ದವನು ಯಾರು, ಉಂಡವನು ಯಾರು?

ಮನೆಯಲ್ಲಿ ಒಂದು ವಸ್ತು ಕಾಣೆಯಾದರೆ ಮೊದಲು ಸಂದೇಹ ಬೀಳುವುದು ಎಲ್ಲರಿಗಿಂತ ಕಡಿಮೆ ಸಂಬಳದ ಆಳಿನ ಮೇಲೆ. ಕಾರ್ಖಾನೆಯಲ್ಲಿ ಯಂತ್ರ ನಿಂತರೆ, ಅದನ್ನು ಕೊನೆಗೆ ಮುಟ್ಟಿದವನ ಮೇಲೆ. ಇದು ನ್ಯಾಯವೆಂದು ಯಾರೂ ಹೇಳಲಾರರು. ಆದರೂ ಲೋಕ ನಡೆದುಬಂದ ರೀತಿ ಇದು. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ಒಂದು ರೂಢಿಯುಂಟು. ಆ ರೂಢಿಯನ್ನು ಅರಿಯದವರ ಕೈಯಲ್ಲಿ ನಿರಪರಾಧಿಯೊಬ್ಬನ ಅನ್ನಕ್ಕೆ ಸಂಚಕಾರ ಬರುವುದರಲ್ಲಿದ್ದ ಸಂಗತಿಯೊಂದನ್ನು ಈ ವಾರ ವಾಚಕರ ಮುಂದಿಡುತ್ತೇನೆ. ಸಣ್ಣ ಉದ್ಯಮ ನಡೆಸುವವರಿಗೂ, ಅವರ ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುವ ತರುಣರಿಗೂ ಇದರಿಂದ ಕಿಂಚಿತ್ ಪ್ರಯೋಜನವಾದರೆ ನನ್ನ ಶ್ರಮ ಸಾರ್ಥಕ.

ಬೆಳಗಾವಿಯ ಉದ್ಯಮಬಾಗ ಎರಕದ ಕಾರ್ಖಾನೆಗಳಿಗೆ ಹೆಸರಾದ ಸ್ಥಳ. ನನ್ನ ಬಹುಕಾಲದ ಮಿತ್ರರೊಬ್ಬರು ಅಲ್ಲಿ ಸಣ್ಣದೊಂದು ಕಾರ್ಖಾನೆಯನ್ನು ನಡೆಸುತ್ತಾರೆ. ಪಂಪು, ವಾಲ್ವುಗಳಿಗೆ ಬೇಕಾದ ಎರಕದ ಭಾಗಗಳು ಅಲ್ಲಿಂದ ಪುಣೆ, ಕೊಲ್ಹಾಪುರಗಳ ಕಡೆಗೆ ಹೋಗುತ್ತವೆ. ಕಚೇರಿಯಲ್ಲಿ 22 ಜನ. ಬೇಡಿಕೆ, ನಕ್ಷೆ, ಬಿಲ್ಲು ಎಲ್ಲವೂ ಇ-ಮೇಲಿನ ಮೂಲಕವೇ. ದೊಡ್ಡ ಕಂಪನಿಗಳಿಗೆ ತಲೆಗಿಷ್ಟೆಂದು ತಿಂಗಳ ಬಾಡಿಗೆ ತೆತ್ತು ಅಂಚೆಯನ್ನು ಇಟ್ಟುಕೊಳ್ಳುವುದು ಅವರಿಗೆ ಒಗ್ಗದು. ‘ನಮ್ಮ ಪತ್ರ ನಮ್ಮ ಕೈಯಲ್ಲಿರಬೇಕು’ ಎಂಬುದು ಅವರ ಹಟ. ಆದಕಾರಣ ನಾಲ್ಕು ಗಿಗಾಬೈಟ್ ಮೆಮೊರಿಯ ಒಂದು ಸರ್ವರನ್ನು ಬಾಡಿಗೆಗೆ ಹಿಡಿದು, ಅದರಲ್ಲಿ ತಮ್ಮದೇ ಅಂಚೆಮನೆಯನ್ನು ಕಟ್ಟಿಸಿದ್ದರು. ಅದನ್ನು ಕಟ್ಟಿದವನು ನನ್ನಲ್ಲಿ ಗಣಕಶಾಸ್ತ್ರ ಓದಿದ ಒಬ್ಬ ತರುಣ. ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು, ತನ್ನನ್ನು ತಾನು ಸಮರ್ಥಿಸಿಕೊಳ್ಳುವ ವಿದ್ಯೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಬಲ್ಲವನು.

ಒಂದು ಭಾನುವಾರ ಬೆಳಿಗ್ಗೆ ಮಿತ್ರರಿಂದ ಫೋನು ಬಂದಿತು. ಧ್ವನಿಯಲ್ಲಿ ಕೋಪವಿತ್ತು.

“ಮಾಸ್ತರೇ, ನಿಮ್ಮ ಶಿಷ್ಯನನ್ನು ನಾಳೆಯಿಂದ ಬರಬೇಡವೆಂದು ಹೇಳುವವನಿದ್ದೇನೆ. ಅದಕ್ಕೆ ಮುಂಚೆ ನಿಮಗೊಂದು ಮಾತು ತಿಳಿಸೋಣವೆಂದು.”

ಸಂಗತಿ ಇಷ್ಟು. ಮೂರು ವಾರಗಳಿಂದ ಅಂಚೆ ಆಗಾಗ ನಿಂತುಹೋಗುತ್ತಿತ್ತು. ಮರುದಿನ ಬೆಳಿಗ್ಗೆ ತರುಣನು ಏನೋ ಮಾಡಿ ಮತ್ತೆ ನಡೆಯಿಸುವನು. ನಾಲ್ಕಾರು ದಿನ ಸರಿಯಿದ್ದು ಪುನಃ ನಿಲ್ಲುವುದು. ಪುಣೆಯ ಒಂದು ಸಂಸ್ಥೆಯಿಂದ ದೊಡ್ಡ ಬೇಡಿಕೆಯ ಪತ್ರ ಶುಕ್ರವಾರ ಸಂಜೆ ಬರಬೇಕಿತ್ತು. ಸೋಮವಾರ ಮಧ್ಯಾಹ್ನದೊಳಗೆ ಒಪ್ಪಿಗೆಯನ್ನು ಕಳುಹಿಸದಿದ್ದರೆ ಕೆಲಸ ಬೇರೆಯವರ ಪಾಲು. ‘ಏಳು ಗಂಟೆಗೇ ಕಳುಹಿಸಿದ್ದೇವೆ’ ಎಂದು ಅವರು ಫೋನಿನಲ್ಲಿ ಹೇಳುತ್ತಾರೆ; ಇಲ್ಲಿ ಪತ್ರದ ಸುಳಿವಿಲ್ಲ. ಶನಿವಾರ ಕಚೇರಿಗೆ ರಜೆ. ತರುಣನು ತಂಗಿಯ ನಿಶ್ಚಿತಾರ್ಥಕ್ಕೆಂದು ಊರಿಗೆ ಹೋಗಿದ್ದನು. ಬೇರೆ ಯಾರೋ ತಿಳಿದವರು ಬಂದು ಯಂತ್ರವನ್ನು ನೋಡಿ, ‘ಮೆಮೊರಿ ಸಾಲದೆ ವೈರಸ್ ಪರೀಕ್ಷಿಸುವ ಪ್ರೋಗ್ರಾಂ ಸತ್ತಿದೆ. ಇಷ್ಟು ದೊಡ್ಡ ಪ್ರೋಗ್ರಾಮನ್ನು ಇಷ್ಟು ಸಣ್ಣ ಯಂತ್ರದಲ್ಲಿ ಹಾಕಿದವನೇ ತಪ್ಪಿತಸ್ಥ’ ಎಂದು ತೀರ್ಪು ಕೊಟ್ಟು ಹೋಗಿದ್ದರು.

“ಸಂಜೆಯವರೆಗೆ ಅವಕಾಶ ಕೊಡಿರಿ” ಎಂದು ಕೇಳಿಕೊಂಡೆ. ತರುಣನಿಗೂ ಹೇಳಿಕಳುಹಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೂವರೂ ಆ ಕಚೇರಿಯಲ್ಲಿ ಕೂಡಿದೆವು.

ಮುಂದಿನದು ಅರ್ಥವಾಗಬೇಕಾದರೆ ಈ ಸರ್ವರಿನೊಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ವಿವರಿಸಬೇಕು. ಅಂಚೆಮನೆಯೆಂದರೆ ಒಬ್ಬನೇ ನಡೆಸುವ ಕೆಲಸವಲ್ಲ. ಹೊರಗಿನಿಂದ ಬಂದ ಪತ್ರವನ್ನು ಬಾಗಿಲಲ್ಲಿ ಸ್ವೀಕರಿಸುವವನು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಎಂಬವರು ಬರೆದು 1998ರಲ್ಲಿ ಲೋಕಕ್ಕೆ ಕೊಟ್ಟ ಪ್ರೋಗ್ರಾಂ ಅದು. ಪತ್ರಗಳನ್ನು ಕಪಾಟಿನಲ್ಲಿಟ್ಟು ಕೇಳಿದವರಿಗೆ ತೆಗೆದುಕೊಡುವ ಗುಮಾಸ್ತ ಡವ್‌ಕಾಟ್. ಅದು 2002ರಿಂದ ಬಳಕೆಯಲ್ಲಿದೆ. ಬೇಡದ ಜಾಹೀರಾತು ಪತ್ರಗಳನ್ನು ಬೇರ್ಪಡಿಸುವವನು ಸ್ಪ್ಯಾಮ್‌ಅಸಾಸಿನ್. ಪತ್ರದೊಳಗೆ ವೈರಸ್ ಅಡಗಿದೆಯೇ ಎಂದು ಮೂಸಿ ನೋಡುವವನು ಕ್ಲ್ಯಾಮ್‌ಎವಿ. ಇವರಲ್ಲದೆ ಬ್ರೌಸರಿನಲ್ಲಿ ಪತ್ರ ಓದುವವರಿಗಾಗಿ ವೆಬ್‌ಮೇಲ್. ಅದನ್ನು ನಡೆಸುವ ಪಿಎಚ್‌ಪಿ ಎಂಬ ಆಳುಗಳ ತಂಡ. ಅವರಿಗೊಂದು ದತ್ತಾಂಶ ಭಂಡಾರ. ಇವರೆಲ್ಲರ ಯಜಮಾನನು ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್. ಯಾರಿಗೆ ಎಷ್ಟು ಮೆಮೊರಿಯೆಂದು ಹಂಚುವ ಅಧಿಕಾರ ಅವನದು.

ಈ ಯಜಮಾನನ ಸ್ವಭಾವವನ್ನು ಮದುವೆಮನೆಯ ಹಿರಿಯನಿಗೆ ಹೋಲಿಸಬಹುದು. ನಮ್ಮಲ್ಲಿ ಐನೂರು ಜನರಿಗೆ ಕರೆಯೋಲೆ ಕೊಟ್ಟು ಮುನ್ನೂರು ಎಲೆ ಹಾಕಿಸುವುದುಂಟು. ಕರೆದವರೆಲ್ಲರೂ ಬರುವುದಿಲ್ಲ, ಬಂದವರೆಲ್ಲರೂ ಒಂದೇ ಪಂಕ್ತಿಗೆ ಕೂಡುವುದಿಲ್ಲ ಎಂಬ ಅನುಭವ ಹಿರಿಯರಿಗಿದೆ. ಕರ್ನೆಲ್ ಕೂಡ ಹಾಗೆಯೇ. ‘ನನಗಿಷ್ಟು ಮೆಮೊರಿ ಬೇಕು’ ಎಂದು ಯಾವ ಪ್ರೋಗ್ರಾಂ ಕೇಳಿದರೂ ಸಾಮಾನ್ಯವಾಗಿ ಇಲ್ಲವೆನ್ನದೆ ಮಾತು ಕೊಡುತ್ತದೆ. ನಿಜವಾದ ಸ್ಥಳವನ್ನು ಕೊಡುವುದು ಆ ಪ್ರೋಗ್ರಾಂ ಅಲ್ಲಿ ಬರೆಯಲು ತೊಡಗಿದಾಗ. ಅದನ್ನೂ 4 ಕಿಲೋಬೈಟಿನ ಪುಟಗಳ ಲೆಕ್ಕದಲ್ಲಿ ಕೊಡುತ್ತದೆ. ಬಹುಮಟ್ಟಿಗೆ ಈ ಉದಾರತೆಯಿಂದ ಲಾಭವೇ ಹೊರತು ನಷ್ಟವಿಲ್ಲ. ಆದರೆ ಒಂದು ದಿನ ಕರೆದವರೆಲ್ಲರೂ ಒಮ್ಮೆಲೇ ಬಂದುಬಿಟ್ಟರೆ?

ಆಗ ಯಜಮಾನನು ಒಂದು ಕ್ರೂರ ಕಾರ್ಯಕ್ಕೆ ಕೈಹಾಕುತ್ತಾನೆ. ಪಂಕ್ತಿಯಲ್ಲಿ ಕುಳಿತವರನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿ, ಯಾರೊಬ್ಬನನ್ನು ಎಬ್ಬಿಸಿದರೆ ಹೆಚ್ಚು ಸ್ಥಳ ತೆರವಾಗುವುದೋ ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಹಾಕುತ್ತಾನೆ. ತುತ್ತು ಬಾಯಲ್ಲಿದ್ದರೂ ಸರಿಯೇ, ಒಂದು ಮಾತಾಡಲೂ ಬಿಡುವುದಿಲ್ಲ. ಇದಕ್ಕೆ ‘ಔಟ್ ಆಫ್ ಮೆಮೊರಿ ಕಿಲ್ಲರ್’ ಎಂದು ಹೆಸರು. ಇಡೀ ಯಂತ್ರವೇ ಸ್ತಬ್ಧವಾಗುವ ಬದಲು ಒಬ್ಬನನ್ನು ಬಲಿಗೊಟ್ಟು ಮಿಕ್ಕವರನ್ನು ಉಳಿಸುವ ಏರ್ಪಾಟಾದ್ದರಿಂದ ಇದು ಅನಿವಾರ್ಯವೆನ್ನೋಣ. ಆದರೆ ಇಲ್ಲಿ ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಯಜಮಾನನು ಕೇಳುವ ಪ್ರಶ್ನೆ ‘ತಪ್ಪು ಮಾಡಿದವರು ಯಾರು?’ ಎಂಬುದಲ್ಲ, ‘ದಪ್ಪಗಿರುವವರು ಯಾರು?’ ಎಂಬುದು ಮಾತ್ರ. ಎಬ್ಬಿಸಲ್ಪಟ್ಟವನು ಸ್ವತಃ ಮದುಮಗನೇ ಆಗಿರಬಹುದು!

ಇನ್ನು ಕಚೇರಿಯಲ್ಲಿ ನಡೆದುದಕ್ಕೆ ಬರೋಣ.

ತರುಣನು ಬಾಯಿ ಬಿಡದೆ ಯಂತ್ರದ ಮುಂದೆ ಕುಳಿತನು. ವೈರಸ್ ಪರೀಕ್ಷಕನ ಸ್ವಂತ ದಾಖಲೆಯಲ್ಲಿ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ, ಒಂಬತ್ತನೆಯ ಸಂಖ್ಯೆಯ ಸಂಕೇತದಿಂದ ಹೀಗೆ ಕೊಲ್ಲಲ್ಪಟ್ಟ ಪ್ರೋಗ್ರಾಮಿಗೆ ಮರಣಶಾಸನ ಬರೆಯುವಷ್ಟೂ ವೇಳೆ ಸಿಗದು. ಕೊಂದವನ ದಾಖಲೆಯನ್ನೇ ನೋಡಬೇಕು. ಕರ್ನೆಲ್ಲಿನ ದಿನಚರಿಯನ್ನು ತೆರೆದೊಡನೆ ಶುಕ್ರವಾರ ಸಂಜೆ 6 ಗಂಟೆ 48 ನಿಮಿಷದ ಹೊತ್ತಿಗೆ ಒಂದು ಸಾಲು ಕಂಡಿತು: ಮೆಮೊರಿ ತೀರಿತು, ಕ್ಲ್ಯಾಮ್‌ಎವಿಯನ್ನು ಕೊಲ್ಲಲಾಯಿತು, ಅದು ಹಿಡಿದಿದ್ದುದು ಸುಮಾರು 1,300 ಮೆಗಾಬೈಟು.

“ನೋಡಿದಿರಾ? ಅವರು ಹೇಳಿದ್ದೂ ಇದನ್ನೇ” ಎಂದರು ಮಿತ್ರರು.

“ಸಾವಕಾರರೇ, ಅವರು ಕೊನೆಯ ಸಾಲನ್ನು ಓದಿದ್ದಾರೆ. ಅದರ ಮೇಲಿನ ಪಟ್ಟಿಯನ್ನು ಓದಿಲ್ಲ” ಎಂದನು ತರುಣ. ಅಂದು ಅವನಾಡಿದ ಮೊದಲನೆಯ ಮಾತು ಅದು.

ಯಾರನ್ನಾದರೂ ಎಬ್ಬಿಸುವ ಮುಂಚೆ ಕರ್ನೆಲ್ಲು ಆ ಕ್ಷಣದಲ್ಲಿ ಪಂಕ್ತಿಯಲ್ಲಿದ್ದವರೆಲ್ಲರ ಪಟ್ಟಿಯನ್ನೂ ದಿನಚರಿಯಲ್ಲಿ ಬರೆದಿಡುತ್ತದೆ. ಒಂದೊಂದು ಸಾಲಿನಲ್ಲಿ ಒಂದೊಂದು ಪ್ರೋಗ್ರಾಂ; ಅದು ಕೇಳಿ ಪಡೆದ ಭರವಸೆ ಎಷ್ಟು, ನಿಜವಾಗಿ ಆಕ್ರಮಿಸಿದ ಸ್ಥಳ ಎಷ್ಟು ಎಂಬುದು ಬೇರೆಬೇರೆ ಕಲಮುಗಳಲ್ಲಿ. ನಾವು ನೋಡಬೇಕಾದುದು ಎರಡನೆಯದನ್ನು. ಅದು ಪುಟಗಳ ಲೆಕ್ಕದಲ್ಲಿರುವುದರಿಂದ 4ರಿಂದ ಗುಣಿಸಿದರೆ ಕಿಲೋಬೈಟು ಬರುತ್ತದೆ. ತರುಣನು ಒಂದು ಹಾಳೆಯನ್ನು ತೆಗೆದುಕೊಂಡು ಬರೆಯುತ್ತ ಹೋದನು. ಕ್ಲ್ಯಾಮ್‌ಎವಿ 1,300 ಮೆಗಾಬೈಟು. ದತ್ತಾಂಶ ಭಂಡಾರ 400. ಸ್ಪ್ಯಾಮ್‌ಅಸಾಸಿನ್ನಿನ ಆಳುಗಳೆಲ್ಲ ಸೇರಿ 500. ಪೋಸ್ಟ್‌ಫಿಕ್ಸ್, ಡವ್‌ಕಾಟ್‌ಗಳಿಗೆ 200. ವ್ಯವಸ್ಥೆಯ ಸ್ವಂತ ಖರ್ಚು 300. ಒಟ್ಟು 2,700. ಯಂತ್ರದಲ್ಲಿ ಬಳಕೆಗೆ ದೊರೆಯುವುದು ಸುಮಾರು 3,900. ಅಂದರೆ ಇನ್ನೂ 1,200 ಮೆಗಾಬೈಟು ಉಳಿಯಬೇಕು. ಉಳಿಯಲಿಲ್ಲವೇಕೆ?

ಪಟ್ಟಿಯ ಬಾಲದಲ್ಲಿ ಉತ್ತರವಿತ್ತು. ಪಿಎಚ್‌ಪಿ, ಪಿಎಚ್‌ಪಿ, ಪಿಎಚ್‌ಪಿ ಎಂದು ಒಂದರ ಕೆಳಗೊಂದು 20 ಸಾಲು. ಒಂದೊಂದೂ 60 ಮೆಗಾಬೈಟು. ಕಣ್ಣಿಗೆ ಬೀಳದಷ್ಟು ಸಣ್ಣದು. ಇಪ್ಪತ್ತನ್ನು ಕೂಡಿದರೆ 1,200. ಹನಿ ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ? (ಒಂದೇ ಪುಟವನ್ನು ಹಲವು ಆಳುಗಳು ಹಂಚಿಕೊಂಡಿರುವುದೂ ಉಂಟಾದ್ದರಿಂದ ಇಂಥ ಕೂಡಿಕೆ ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿ ತೋರುವುದು, ಆದರೆ ಕಳ್ಳನ ಹೆಜ್ಜೆ ಹಿಡಿಯಲು ಅಷ್ಟು ಸಾಕು.) ವೈರಸ್ ಪರೀಕ್ಷಕನು ಹಿಂದಿನ ತಿಂಗಳು ಎಷ್ಟು ಸ್ಥಳದಲ್ಲಿ ಕುಳಿತಿದ್ದನೋ ಅಂದೂ ಅಷ್ಟರಲ್ಲಿಯೇ ಕುಳಿತಿದ್ದನು. ಅವನು ತೋರವಾಗಿದ್ದುದು ನಿಜ. ತಿಳಿದಿರುವ ವೈರಸ್‌ಗಳ ಗುರುತುಗಳನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಂಡಿರಬೇಕಾದ್ದರಿಂದ ಅವನ ಮೈಕಟ್ಟೇ ಅಂಥದು. ಆದರೆ ಅಂದು ಪಂಕ್ತಿಯನ್ನು ಕೆಡಿಸಿದವನು ಅವನಲ್ಲ. ಎಬ್ಬಿಸಿಕೊಂಡವನು ಅವನು, ಎಲೆಗಳನ್ನು ತುಂಬಿದವರು ಈ ಇಪ್ಪತ್ತು ಮಂದಿ.

ಈಗ ಇನ್ನೊಂದು ಪ್ರಶ್ನೆ. ಕಚೇರಿ ಮುಚ್ಚಿದ ಸಂಜೆಯ ಹೊತ್ತಿನಲ್ಲಿ ವೆಬ್‌ಮೇಲಿಗೆ ಇಷ್ಟು ಆಳುಗಳು ಯಾರ ಸೇವೆಗೆ? ವೆಬ್‌ಮೇಲಿನ ದಾಖಲೆಯನ್ನು ತೆರೆದರೆ ಗೊತ್ತಾಯಿತು. ದೂರದೂರದ ವಿಳಾಸಗಳಿಂದ ಯಾರೋ ಪ್ರವೇಶದ್ವಾರದಲ್ಲಿ ನಿಂತು, ಒಂದಾದ ಮೇಲೊಂದು ಸುಳ್ಳು ಪಾಸ್‌ವರ್ಡುಗಳನ್ನು ಹಾಕುತ್ತಿದ್ದರು. ಮನುಷ್ಯರಲ್ಲ, ಅದಕ್ಕೆಂದೇ ಓಡಾಡುವ ಪ್ರೋಗ್ರಾಮುಗಳು. ಅಂತರಜಾಲದಲ್ಲಿ ಬಾಗಿಲು ತೆರೆದಿಟ್ಟ ಯಾವ ಸರ್ವರಿಗೂ ಈ ಕಾಟ ತಪ್ಪಿದ್ದಲ್ಲ. ತಪ್ಪು ಪಾಸ್‌ವರ್ಡು ಬಂದಾಗ ಡವ್‌ಕಾಟ್ ಕೂಡಲೇ ಉತ್ತರಿಸದೆ ಬೇಕೆಂದೇ ಕೆಲವು ಸೆಕೆಂಡು ತಡೆಯುತ್ತದೆ. ಕಳ್ಳನಿಗೆ ಬೇಸರ ಹುಟ್ಟಿಸುವುದಕ್ಕಾಗಿ ಮಾಡಿದ ಒಳ್ಳೆಯ ಉಪಾಯವದು. ಆದರೆ ಅಷ್ಟು ಹೊತ್ತೂ ಒಬ್ಬ ಪಿಎಚ್‌ಪಿ ಆಳು ಉತ್ತರಕ್ಕಾಗಿ ಕಾಯುತ್ತ ನಿಂತಿರಬೇಕು. ಅಷ್ಟರೊಳಗೆ ಇನ್ನೊಬ್ಬ ಕಳ್ಳ ಬಾಗಿಲು ತಟ್ಟಿದರೆ ಇನ್ನೊಬ್ಬ ಆಳು ಏಳಬೇಕು. ಹೀಗೆ ಆಳುಗಳ ಸಂಖ್ಯೆ ಏರುತ್ತಲೇ ಹೋಗುವುದು.

ಇದಕ್ಕೆ ಮಿತಿಯಿಲ್ಲವೇ? ಇದೆ. ಏಕಕಾಲಕ್ಕೆ ಎಷ್ಟು ಆಳುಗಳಿರಬಹುದೆಂದು ಒಂದು ಕಡತದಲ್ಲಿ ಬರೆದಿರುತ್ತದೆ. ಆ ಕಡತವನ್ನು ತೆರೆದು ನೋಡಿದಾಗ ತರುಣನ ಮುಖದಲ್ಲಿ ಆಶ್ಚರ್ಯ ಕಂಡಿತು.

“ಗುರುಗಳೇ, ನಾನು ಇಲ್ಲಿ 5 ಎಂದು ಬಿಟ್ಟಿದ್ದೆ. ಈಗ 40 ಎಂದಿದೆ.”

ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ. ಅನಂತರ ಮಿತ್ರರು ಕನ್ನಡಕವನ್ನು ತೆಗೆದು ಒರೆಸಿಕೊಳ್ಳುತ್ತ ಹೇಳಿದರು: “ಒಂದು ತಿಂಗಳ ಹಿಂದೆ ಬ್ರೌಸರಿನಲ್ಲಿ ಪತ್ರ ತೆರೆಯುವುದು ತಡವಾಗುತ್ತದೆಂದು ಹುಡುಗರು ದೂರಿದರು. ಪ್ರಿಂಟರ್ ರಿಪೇರಿಗೆ ಬಂದಿದ್ದ ಒಬ್ಬನಿಗೆ ಇವನ್ನೆಲ್ಲ ಬಲ್ಲೆನೆಂಬ ಧೈರ್ಯವಿತ್ತು. ‘ಎರಡು ನಿಮಿಷದ ಕೆಲಸ’ ಎಂದ. ನಾನೇ ಬೀಗದ ಕೈ ಕೊಟ್ಟೆ. ಇವನಿಗೆ ಹೇಳುವುದು ಮರೆತುಹೋಯಿತು.”

ತರುಣನು ಏನೂ ಹೇಳಲಿಲ್ಲ. ಲೆಕ್ಕದ ಹಾಳೆಯ ಕೆಳಗೆ 40 ಗುಣಿಸು 60, ಸಮ 2,400 ಎಂದು ಬರೆದು, ಅದರ ಪಕ್ಕದಲ್ಲಿ 1,200 ಎಂದು ಬರೆದು ಗೆರೆ ಎಳೆದನು. ಇದ್ದ ಸ್ಥಳ ಅಷ್ಟು. ಕೊಟ್ಟ ಕರೆಯೋಲೆ ಅದರ ಇಮ್ಮಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಯಂತ್ರಗಳೂ ಮೀರುವಂತಿಲ್ಲ.

“ಅದು ಹೋಗಲಿ, ಪುಣೆಯ ಪತ್ರ? ಅದಂತೂ ಕಳೆದೇ ಹೋಯಿತಲ್ಲ” ಎಂದು ಮಿತ್ರರು ನಿಟ್ಟುಸಿರಿಟ್ಟರು.

ಕಳೆದಿರಲಿಲ್ಲ. ಇ-ಮೇಲ್ ವ್ಯವಸ್ಥೆಯನ್ನು ರೂಪಿಸಿದ ಹಿರಿಯರ ದೂರದೃಷ್ಟಿ ಇಲ್ಲಿ ಕಾಣುತ್ತದೆ. ಪತ್ರಗಳು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗುವ ನಿಯಮಗಳನ್ನು 1982ರಲ್ಲಿ ಬರೆದರು. ಈಗ ಪ್ರಮಾಣವಾಗಿರುವ ಪಾಠ 2008ರದು. ತೆಗೆದುಕೊಳ್ಳುವವನು ‘ಈಗ ಆಗದು, ಆಮೇಲೆ ಬಾ’ ಎಂದರೆ ಕಳುಹಿಸುವವನು ಪತ್ರವನ್ನು ಹರಿದುಹಾಕುವಂತಿಲ್ಲ. ತನ್ನಲ್ಲೇ ಸರದಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸಬೇಕು, ಸಾಮಾನ್ಯವಾಗಿ ನಾಲ್ಕೈದು ದಿನಗಳವರೆಗಾದರೂ ಕೈಬಿಡಬಾರದು ಎಂದು ಅದು ವಿಧಿಸುತ್ತದೆ. ಪರೀಕ್ಷಕನು ಸತ್ತ ಮೇಲೆ ಪೋಸ್ಟ್‌ಫಿಕ್ಸ್ ಮಾಡಿದ್ದೂ ಅದನ್ನೇ. ಪರೀಕ್ಷೆಯಾಗದ ಪತ್ರವನ್ನು ಒಳಗೆ ಬಿಡಲಿಲ್ಲ. ಬೇಡವೆಂದು ಶಾಶ್ವತವಾಗಿ ತಿರಸ್ಕರಿಸಲೂ ಇಲ್ಲ. 451 ಎಂಬ ಸಂಖ್ಯೆಯನ್ನು ಹೇಳಿ, ಅಂದರೆ ‘ಸದ್ಯಕ್ಕೆ ಸೇವೆ ಇಲ್ಲ, ಮತ್ತೆ ಬನ್ನಿ’ ಎಂದು ಹೇಳಿ, ಬಂದವರನ್ನೆಲ್ಲ ವಿನಯದಿಂದ ಹಿಂದಕ್ಕೆ ಕಳುಹಿಸಿತು. ಅದರ ದಾಖಲೆಯಲ್ಲಿ ಶುಕ್ರವಾರ ಸಂಜೆ ಏಳರಿಂದ ಭಾನುವಾರ ಮಧ್ಯಾಹ್ನದವರೆಗೆ ಪುಣೆಯ ಸರ್ವರು ಎಷ್ಟೋ ಸಲ ಬಂದು ಬಾಗಿಲು ತಟ್ಟಿ ಹೋಗಿದ್ದುದು ಸಾಲುಸಾಲಾಗಿ ಬರೆದಿತ್ತು.

ತರುಣನು ಆಳುಗಳ ಮಿತಿಯನ್ನು 8ಕ್ಕೆ ಇಳಿಸಿದನು. ಐದು ಸಾಲದೆಂಬ ಹುಡುಗರ ದೂರಿನಲ್ಲಿಯೂ ಸತ್ಯಾಂಶವಿತ್ತು. ಅನಂತರ ಕ್ಲ್ಯಾಮ್‌ಎವಿಯನ್ನು ಎಬ್ಬಿಸಿ ಕೂಡಿಸಿದನು. ಮುಕ್ಕಾಲು ಗಂಟೆ ಕಳೆದಿರಬೇಕು. ಚಹಾ ಕುಡಿದು ಕಪ್ಪು ಇಡುವಷ್ಟರಲ್ಲಿ ಪುಣೆಯ ಪತ್ರ ಬಂದು ಬಿದ್ದಿತು. ಮಿತ್ರರು ಅದನ್ನು ಎರಡು ಸಲ ಓದಿ, ಒಪ್ಪಿಗೆಯನ್ನು ಅಲ್ಲಿಯೇ ಬರೆಯಿಸಿ ಕಳುಹಿಸಿದರು.

ಇಲ್ಲಿಗೆ ಕಥೆ ಮುಗಿಯಿತೆಂದು ವಾಚಕರು ಭಾವಿಸಬಾರದು. ಮಿತ್ರರು ಕೂಡಲೇ, “ಹಾಗಾದರೆ ಮೆಮೊರಿಯನ್ನು ಎಂಟು ಗಿಗಾಬೈಟಿಗೆ ಏರಿಸಿಬಿಡೋಣ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ” ಎಂದರು. ನಿಜ ಹೇಳಬೇಕಾದರೆ, ಹಾಗೆ ಏರಿಸಿದ್ದರೆ ಪರೀಕ್ಷಕನು ಸಾಯುವುದು ನಿಲ್ಲುತ್ತಿತ್ತು. ಆದರೆ ಬಾಗಿಲಲ್ಲಿ ಬೀಗ ತಿರುವುತ್ತಿದ್ದ ಕಳ್ಳರು ಯಾರ ಕಣ್ಣಿಗೂ ಬೀಳದೆ ತಮ್ಮ ಕೆಲಸವನ್ನು ಮುಂದುವರಿಸುತ್ತಿದ್ದರು. ಲೆಕ್ಕ ಹಾಕಿದ ಮೇಲೆ ಕೊರತೆ ನಿಜವೆಂದು ತೋರಿದರೆ ಮೆಮೊರಿಯನ್ನು ಕೊಳ್ಳಲೇಬೇಕು. ಅದರಲ್ಲಿ ಜಿಪುಣತನ ಸಲ್ಲದು. ಲೆಕ್ಕ ಹಾಕುವ ಮುಂಚೆ ಕೊಳ್ಳುವುದೆಂದರೆ ಜ್ವರ ಬಂದವನಿಗೆ ದೊಡ್ಡ ಅಂಗಿ ಹೊಲಿಸಿದಂತೆ.

ಅಂದು ಸಂಜೆಯವರೆಗೆ ಕುಳಿತು ತರುಣನು ಮಾಡಿದ ಏರ್ಪಾಟುಗಳನ್ನು ಇಲ್ಲಿ ಹೇಳುತ್ತೇನೆ. ಇದೇ ತೊಂದರೆಯಲ್ಲಿರುವವರಿಗೆ ಒದಗಬಹುದು.

ಮೊದಲನೆಯದು, ಬಾಗಿಲಿನ ಕಾವಲು. ತಪ್ಪು ಪಾಸ್‌ವರ್ಡು ಹಾಕುತ್ತಲೇ ಇರುವ ವಿಳಾಸಗಳನ್ನು ದಾಖಲೆಯಿಂದ ಗುರುತಿಸಿ ಸ್ವಲ್ಪ ಕಾಲ ಹೊರಗಿಡುವ ಫೈಲ್‌ಟುಬ್ಯಾನ್ ಎಂಬ ಪ್ರೋಗ್ರಾಮನ್ನು ವೆಬ್‌ಮೇಲಿಗೂ ಅನ್ವಯಿಸಿದನು.

ಎರಡನೆಯದು, ಪರೀಕ್ಷಕನ ಒಂದು ಗುಪ್ತ ಹಸಿವನ್ನು ತಣಿಸಿದ್ದು. ಹೊಸ ವೈರಸ್‌ಗಳ ಗುರುತು ಬಂದಾಗ ಕ್ಲ್ಯಾಮ್‌ಎವಿ ಹೊಸ ಪಟ್ಟಿಯನ್ನು ಪೂರ್ತಿಯಾಗಿ ಓದಿಕೊಳ್ಳುವವರೆಗೆ ಹಳೆಯದನ್ನೂ ಬಿಡುವುದಿಲ್ಲ. 2020ರಲ್ಲಿ ಬಂದ 0.103ನೆಯ ಆವೃತ್ತಿಯಿಂದ ಈ ಕ್ರಮ ನಡೆದುಬಂದಿದೆ. ಪರೀಕ್ಷೆ ಒಂದು ಕ್ಷಣವೂ ನಿಲ್ಲಬಾರದೆಂಬುದು ಅದರ ಉದ್ದೇಶ. ಆದರೆ ಅಷ್ಟು ಹೊತ್ತು ಅದರ ಮೆಮೊರಿ ಹತ್ತಿರ ಹತ್ತಿರ ಇಮ್ಮಡಿಯಾಗುವುದು. ನಮ್ಮ ಲೆಕ್ಕದಲ್ಲಿ 2,700ಕ್ಕೆ ಎಂಟು ಆಳುಗಳ 480 ಸೇರಿ 3,180. ಅದಕ್ಕೆ ಇನ್ನೊಂದು 1,300 ಬಂದು ಸೇರಿದರೆ 4,480! ಮತ್ತೆ ಪಂಕ್ತಿ ಕೆಟ್ಟಿತು. ಈ ಕ್ರಮವನ್ನು ನಿಲ್ಲಿಸಲು ಒಂದು ಸಾಲಿನ ಸೂಚನೆ ಸಾಕು. ಹಾಗೆ ಮಾಡಿದರೆ ಪಟ್ಟಿ ಬದಲಾಗುವವರೆಗೆ ಪತ್ರಗಳು ಸ್ವಲ್ಪ ಕಾಯಬೇಕಾಗುತ್ತದೆ; 22 ಜನರ ಕಚೇರಿಗೆ ಅದೊಂದು ತೊಂದರೆಯೇ ಅಲ್ಲ.

ಮೂರನೆಯದು, ಜಗಲಿ. ಡಿಸ್ಕಿನಲ್ಲಿ ಎರಡು ಗಿಗಾಬೈಟಿನಷ್ಟು ಸ್ಥಳವನ್ನು ‘ಸ್ವಾಪ್’ ಎಂದು ಮೀಸಲಿಟ್ಟನು. ಒಳಗೆ ಜಾಗವಿಲ್ಲದಾಗ ಸುಮ್ಮನೆ ಕುಳಿತವರನ್ನು ಯಜಮಾನನು ಅಲ್ಲಿಗೆ ಕಳುಹಿಸಬಹುದು. ಆದರೆ ಜಗಲಿಯ ಮೇಲೆ ಊಟ ಬಡಿಸಲಾಗುವುದಿಲ್ಲ. ಡಿಸ್ಕು ಮೆಮೊರಿಗಿಂತ ಬಹಳ ನಿಧಾನ. ಯಾವಾಗಲೂ ಸ್ವಾಪ್ ತುಂಬಿ ಯಂತ್ರವು ಒಳಗೂ ಹೊರಗೂ ಓಡಾಡುತ್ತಿದ್ದರೆ ಅದು ಉಪಾಯವಲ್ಲ, ಎಚ್ಚರಿಕೆಯ ಗಂಟೆ.

ನಾಲ್ಕನೆಯದು, ಬೇಲಿ. ವೆಬ್‌ಮೇಲಿನ ಆಳುಗಳೆಲ್ಲ ಸೇರಿ ಇಂತಿಷ್ಟೇ ಮೆಮೊರಿಯನ್ನು ಬಳಸತಕ್ಕದ್ದೆಂದು ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕನಲ್ಲಿ ಗಡಿ ಹಾಕಿದನು. ಗಡಿ ಮೀರಿದರೆ ಬಲಿಯಾಗುವವರು ಆ ಬೇಲಿಯೊಳಗಿನವರೇ, ಪಕ್ಕದ ಮನೆಯವನಲ್ಲ. ಪರೀಕ್ಷಕನು ಎಂದಾದರೂ ಸತ್ತರೆ ತಾನಾಗಿ ಎದ್ದು ಕೂಡುವಂತೆಯೂ ವಿಧಿಸಿದನು. ಇಂಥವನನ್ನು ಕೊಲ್ಲಬಾರದೆಂದು ಕರ್ನೆಲ್ಲಿಗೆ ಶಿಫಾರಸು ಮಾಡುವ ಸೌಕರ್ಯವೂ ಉಂಟು. -1000ರಿಂದ 1000ದವರೆಗೆ ಅಂಕ ಕೊಡಬಹುದು, -1000 ಎಂದರೆ ಪೂರ್ಣ ಅಭಯ. ಆದರೆ ಎಲ್ಲರಿಗೂ ಅಭಯ ಕೊಟ್ಟರೆ ಯಾರಿಗೂ ಕೊಡದಂತೆಯೇ. ತರುಣನು ಆ ದಾರಿಯನ್ನು ಮುಟ್ಟಲಿಲ್ಲ.

ಇನ್ನೆರಡು ಎಚ್ಚರಿಕೆಗಳು. ‘ಮೆಮೊರಿ ಸಾಲದು’ ಎಂಬ ದೂರು ಯಾವಾಗಲೂ ಯಂತ್ರದ ಮೆಮೊರಿ ತೀರಿದುದರಿಂದಲೇ ಬರುವುದಿಲ್ಲ. ಡವ್‌ಕಾಟ್ ತನ್ನ ಆಳುಗಳಿಗೆ ತಾನೇ ಗಡಿ ಹಾಕಿರುತ್ತದೆ. ಬಹುಕಾಲ ಪ್ರಚಾರದಲ್ಲಿದ್ದ 2.3ನೆಯ ಆವೃತ್ತಿಯಲ್ಲಿ ಅದು 256 ಮೆಗಾಬೈಟು. ಯಾರಾದರೊಬ್ಬರು ಲಕ್ಷಗಟ್ಟಲೆ ಪತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಟ್ಟರೆ, ಅದರ ಸೂಚಿಕೆಯನ್ನು ತೆರೆಯುವಾಗ ಆ ಗಡಿ ತಗಲಿ ಅವರೊಬ್ಬರ ಅಂಚೆ ಮಾತ್ರ ನಿಲ್ಲುವುದು. ಯಂತ್ರದಲ್ಲಿ ಬೇಕಾದಷ್ಟು ಮೆಮೊರಿ ಇದ್ದೇ ಇರುತ್ತದೆ. ಕರ್ನೆಲ್ಲಿನ ದಿನಚರಿಯಲ್ಲಿ ಕೊಲೆಯ ಸಾಲಿಲ್ಲದೆ ಡವ್‌ಕಾಟಿನ ದಾಖಲೆಯಲ್ಲಿ ಮಾತ್ರ ದೂರು ಕಂಡರೆ ರೋಗ ಇದೇ. ಔಷಧ ಆ ಗಡಿಯನ್ನು ಏರಿಸುವುದು.

ಎರಡನೆಯದು, ಮೆಮೊರಿಯ ಲೆಕ್ಕ ತೋರಿಸುವ ‘ಫ್ರೀ’ ಎಂಬ ಆಜ್ಞೆಯನ್ನು ಓದುವ ಬಗೆ. ಅದರಲ್ಲಿ ‘ಖಾಲಿ’ ಎಂಬ ಕಲಮಿನ ಅಂಕಿ ಯಾವಾಗಲೂ ಅತ್ಯಲ್ಪವಾಗಿ ಕಂಡು ಹೊಸಬರು ಗಾಬರಿಯಾಗುತ್ತಾರೆ. ಬಳಕೆಯಿಲ್ಲದ ಮೆಮೊರಿಯನ್ನು ಲಿನಕ್ಸ್ ವ್ಯರ್ಥವಾಗಿ ಬಿಡದೆ ಡಿಸ್ಕಿನ ಕಡತಗಳ ನಕಲನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಬೇಕೆಂದಾಗ ಅದರ ಬಹುಭಾಗವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ನೋಡಬೇಕಾದುದು ‘ದೊರೆಯಬಲ್ಲದ್ದು’ ಎಂಬ ಕೊನೆಯ ಕಲಮನ್ನು. 2014ರಿಂದ ಕರ್ನೆಲ್ಲೇ ಈ ಅಂದಾಜನ್ನು ಲೆಕ್ಕಹಾಕಿ ಕೊಡುತ್ತದೆ.

ಐದನೆಯ ಏರ್ಪಾಟು ತರುಣನದಲ್ಲ, ಮಿತ್ರರದು. ಹೊರಡುವ ಮುಂಚೆ ಅವರು ಮೇಜಿನ ಖಾನೆಯಿಂದ ಕೆಂಪು ರಟ್ಟಿನ ಒಂದು ಹೊಸ ನೋಟುಬುಕ್ಕನ್ನು ತೆಗೆದರು. ಸರ್ವರಿನಲ್ಲಿ ಯಾರು, ಎಂದು, ಯಾವ ಅಂಕಿಯನ್ನು ಎಷ್ಟರಿಂದ ಎಷ್ಟಕ್ಕೆ ಬದಲಾಯಿಸಿದರು, ಏತಕ್ಕೆ ಬದಲಾಯಿಸಿದರು ಎಂಬುದನ್ನು ಅದರಲ್ಲಿ ಬರೆಯದೆ ಯಾರೂ ಕೈಹಾಕತಕ್ಕದ್ದಲ್ಲವೆಂದು ಕಟ್ಟಳೆ ಮಾಡಿದರು. ಮೊದಲನೆಯ ಪುಟದಲ್ಲಿ ತಾವೇ ಬರೆದರು: ‘ವೆಬ್‌ಮೇಲ್ ಆಳುಗಳು 5ರಿಂದ 40ಕ್ಕೆ. ನನ್ನ ಅಪ್ಪಣೆಯಿಂದ. ಲೆಕ್ಕ ಹಾಕಲಿಲ್ಲ.’ ಕೆಳಗೆ ರುಜು ಮಾಡಿ, ಪುಸ್ತಕವನ್ನು ತರುಣನ ಕೈಗೆ ಕೊಟ್ಟು ಹೇಳಿದರು: “ತಮ್ಮಾ, ನಾಳೆ ಬೇಗ ಬರಬೇಕು. ಪುಣೆಯವರು ನಕ್ಷೆಗಳನ್ನು ಕಳುಹಿಸುತ್ತಾರಂತೆ.”

ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವುದು ಆ ಕಾಲದ ಯಜಮಾನರಿಗೆ ಅಭ್ಯಾಸವಿಲ್ಲ. ಕೆಂಪು ಪುಸ್ತಕದ ಆ ಮೂರು ಸಾಲುಗಳಲ್ಲಿ ಹೇಳಬೇಕಾದುದೆಲ್ಲ ಇತ್ತು; ಹುಡುಗನಿಗೂ ಅದು ತಿಳಿಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮವರು ಹೇಳುತ್ತಾರೆ. ಸತ್ತವನ ಹೆಸರು ದಿನಚರಿಯ ಕೊನೆಯ ಸಾಲಿನಲ್ಲಿ ಎದ್ದು ಕಾಣುತ್ತದೆ. ಕೊಲೆಗೆ ಕಾರಣವಾದವರ ಹೆಸರುಗಳು ಮೇಲಿನ ಪಟ್ಟಿಯಲ್ಲಿ ಸಣ್ಣಸಣ್ಣ ಅಂಕಿಗಳಾಗಿ ಚದರಿರುತ್ತವೆ. ಅವನ್ನು ಕೂಡಿ ನೋಡುವುದಕ್ಕೆ ಒಂದು ಹಾಳೆ, ಒಂದು ಪೆನ್ಸಿಲು, ಅರ್ಧ ಗಂಟೆಯ ತಾಳ್ಮೆ ಬೇಕು. ನಿಮ್ಮ ಕಚೇರಿಯಲ್ಲಿಯೂ ಇಂಥ ಪ್ರಸಂಗ ಬಂದರೆ, ಯಾರನ್ನಾದರೂ ಮನೆಗೆ ಕಳುಹಿಸುವ ಮುಂಚೆ ಆ ಅರ್ಧ ಗಂಟೆಯನ್ನು ಕೊಡಿರೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.